ಎರಡನೆಯ ದೀಪ

ನಮ್ಮ ಮನೆ ಕಾಸರಗೋಡು ಜಿಲ್ಲೆಯಲ್ಲಿ, ಪೆರ್ಲದ ಹತ್ತಿರ ಒಂದು ಗುಡ್ಡದ ಬುಡದಲ್ಲಿದೆ. ಹಿಂದೆ ಮುರಕಲ್ಲಿನ ಗುಡ್ಡ, ಮುಂದೆ ಅಡಿಕೆ ತೋಟ. ಗುಡ್ಡದ ಹೊಟ್ಟೆಯನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗದಿಂದ ನೀರು ಬರುತ್ತದೆ. ಅದಕ್ಕೆ ಪಂಪು ಬೇಡ, ಕರೆಂಟೂ ಬೇಡ. ನೀರು ತಾನಾಗಿಯೇ ಹರಿದು ಬಂದು ಅಂಗಳದ ಬದಿಯ ತೊಟ್ಟಿಗೆ ಬೀಳುತ್ತದೆ. ಈ ನೀರಿನ ಮಾತು ಮುಂದೆ ಒಮ್ಮೆ ಬರಲಿಕ್ಕಿದೆ. ಈಗ ಹೇಳಹೊರಟದ್ದು ನಮ್ಮ ಚಾವಡಿಯ ಮೂಲೆಯಲ್ಲಿರುವ ಒಂದು ಕಪ್ಪು ಪೆಟ್ಟಿಗೆಯ ಸಂಗತಿ.

ಅದರ ಹೆಸರು ರೂಟರ್. ನಿಮ್ಮ ಮನೆಯಲ್ಲೂ ಇರಬಹುದು. ಮನೆಯ ಹೊರಗಿನಿಂದ ಬರುವ ಇಂಟರ್ನೆಟ್ಟನ್ನು ಮನೆಯೊಳಗಿನ ಮೊಬೈಲು, ಕಂಪ್ಯೂಟರುಗಳಿಗೆ ಹಂಚುವುದು ಅದರ ಕೆಲಸ ಎಂದು ನೀವು ಹೇಳುವಿರಿ. ಅದು ಸರಿಯೇ. ಆದರೆ ಅದಕ್ಕೆ ಇನ್ನೊಂದು ಕೆಲಸವೂ ಇದೆ. ಮನೆಯೊಳಗಿನ ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಹೋಗುವ ಮಾಹಿತಿಯನ್ನೂ ಅದೇ ದಾಟಿಸುತ್ತದೆ. ನಮ್ಮ ರೂಟರಿನ ಬೆನ್ನಿನಲ್ಲಿ ಐದು ಚೌಕ ತೂತುಗಳಿವೆ. ಅವುಗಳಿಗೆ ಪೋರ್ಟ್ ಎನ್ನುತ್ತಾರೆ. ಒಂದು ಹೊರಗಿನ ಲೈನಿಗೆ. ಉಳಿದ ನಾಲ್ಕು ಮನೆಯ ಯಂತ್ರಗಳಿಗೆ. ಪ್ರತಿಯೊಂದು ತೂತಿನ ಹತ್ತಿರವೂ ಒಂದು ಸಣ್ಣ ಹಸಿರು ದೀಪ. ತಂತಿಯಲ್ಲಿ ಮಾಹಿತಿ ಓಡುವಾಗ ದೀಪ ಪಟಪಟನೆ ಮಿಟುಕುತ್ತದೆ.

2023ರ ಅಕ್ಟೋಬರ್ ತಿಂಗಳು. ನವರಾತ್ರಿ ಮುಗಿದ ಮರುದಿನ. ಆಯುಧಪೂಜೆಗೆ ಅಮ್ಮ ಕತ್ತಿ, ಹಾರೆಗಳ ಜೊತೆಗೆ ರೂಟರಿಗೂ ಒಂದು ಚೆಂಡುಹೂ ಇಟ್ಟಿದ್ದರು. ಅದು ಬಾಡಿ ಅಲ್ಲಿಯೇ ಇತ್ತು. ಬೆಂಗಳೂರಿನಿಂದ ಚಿಕ್ಕಪ್ಪ ಬಂದಿದ್ದರು. ಅಕ್ಕನ ಮಗಳು ಪುಟ್ಟಿಯೂ ರಜೆಗೆ ಬಂದಿದ್ದಳು. ಅವಳಾಗ ಐದನೆಯ ತರಗತಿ.

ಚಿಕ್ಕಪ್ಪನ ಚೀಲದಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಅದರೊಳಗೆ ಅಜ್ಜ ಇದ್ದರು.

ಅಜ್ಜನೆಂದರೆ ಅಜ್ಜನ ಸ್ವರ. ನಮ್ಮ ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಳೆ ನುಡಿಯುತ್ತದೆ, ಅರ್ಥಧಾರಿಗಳು ಕುಳಿತಲ್ಲೇ ಮಾತಿನಲ್ಲಿ ಕರ್ಣನೋ ವಾಲಿಯೋ ಆಗುತ್ತಾರೆ. ಹಗಲಿಡೀ ತೋಟದ ಕೆಲಸ ಮಾಡಿ, ಮಿಂದು, ಒಂದು ಬಿಳಿ ಶಾಲು ಹೊದ್ದು ಅಜ್ಜ ರಾತ್ರಿ ಹೊರಟರೆ ಬೆಳಗಿಗೆ ಮರಳುತ್ತಿದ್ದರು. ಚಿಕ್ಕಪ್ಪ ಆಗ ಹುಡುಗ. ಒಂದು ಟೇಪ್ ರೆಕಾರ್ಡರು ಹೊತ್ತುಕೊಂಡು ಅಜ್ಜನ ಹಿಂದೆ ನಡೆಯುತ್ತಿದ್ದರು. ಹೀಗೆ ವರ್ಷಗಟ್ಟಲೆ ತುಂಬಿಸಿದ ಕ್ಯಾಸೆಟ್ಟುಗಳು 300. ಒಂದೊಂದೂ 90 ನಿಮಿಷದ್ದು.

ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತಲ್ಲ? ಚರ್ಮದ ಚಪ್ಪಲಿಗೆ, ಪುಸ್ತಕದ ರಟ್ಟಿಗೆ, ಗೋಡೆಯ ಪಟಕ್ಕೆ ಎಲ್ಲದಕ್ಕೂ ಬೂಷ್ಟು ಬರುತ್ತದೆ. ಕ್ಯಾಸೆಟ್ಟಿನ ಸುರುಳಿಗೂ ಬಂತು. ಕೆಲವು ಒಂದಕ್ಕೊಂದು ಅಂಟಿಕೊಂಡವು. ಅಜ್ಜ ಇಲ್ಲವಾದ ಮೇಲೆ ಚಿಕ್ಕಪ್ಪ ಅವುಗಳನ್ನೆಲ್ಲ ಒಯ್ದು, ಒರೆಸಿ, ಎರಡು ವರ್ಷ ರಾತ್ರಿ ಕುಳಿತು, ಒಂದೊಂದನ್ನೇ ನುಡಿಸಿ ಕಂಪ್ಯೂಟರಿಗೆ ಇಳಿಸಿದರು. ಕೊನೆಗೆ ಸುರುಳಿಗಳು ತುಂಡಾಗುವ ಸ್ಥಿತಿಗೆ ಬಂದಿದ್ದವು. ಇನ್ನೊಮ್ಮೆ ನುಡಿಸುವ ಹಾಗಿರಲಿಲ್ಲ. ಆ 300 ಕ್ಯಾಸೆಟ್ಟಿನ ಸ್ವರ ಈಗ ಉಳಿದದ್ದು ಆ ಹಳೆಯ ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಮಾತ್ರ.

ಆ ಡಿಸ್ಕು ಒಂದು ವಾರದಿಂದ "ಟಕ್, ಟಕ್" ಎನ್ನುತ್ತಿತ್ತು.

"ಇದು ಒಳ್ಳೆಯ ಲಕ್ಷಣ ಅಲ್ಲ ಮಾರಾಯ" ಎಂದರು ಚಿಕ್ಕಪ್ಪ. "ಇವತ್ತು ಸಂಜೆ ನಾನು ಹೊರಡಬೇಕು. ಅದಕ್ಕೆ ಮೊದಲು ಎಲ್ಲವನ್ನೂ ನಿನ್ನ ಪೆಟ್ಟಿಗೆಗೆ ಹಾಕು."

ನನ್ನ ಪೆಟ್ಟಿಗೆ ಎಂದರೆ ನಾನು ಆ ವರ್ಷ ತಂದಿದ್ದ ಸಂಗ್ರಹದ ಪೆಟ್ಟಿಗೆ. ಅದಕ್ಕೆ ನಾಸ್ ಎನ್ನುತ್ತಾರೆ. ಪರದೆಯಿಲ್ಲ, ಕೀಲಿಮಣೆಯಿಲ್ಲ. ಒಳಗೆ ಎರಡು ಡಿಸ್ಕುಗಳು ಮಾತ್ರ. ಒಂದರಲ್ಲಿ ಬರೆದದ್ದನ್ನು ಅದೇ ಹೊತ್ತಿಗೆ ಇನ್ನೊಂದರಲ್ಲೂ ಬರೆಯುತ್ತದೆ. ಒಂದು ಹಾಳಾದರೆ ಇನ್ನೊಂದು ಇರುತ್ತದೆ. ಆ ಪೆಟ್ಟಿಗೆ ಒಂದು ತಂತಿಯ ಮೂಲಕ ರೂಟರಿಗೆ ಸೇರಿಕೊಂಡಿತ್ತು. ನನ್ನ ಲ್ಯಾಪ್‌ಟಾಪಿನಲ್ಲೂ ಅದಕ್ಕೆ ಸೇರಿಸಬೇಕಾದ ಮನೆಯ ವಿಡಿಯೋಗಳ ಒಂದು ರಾಶಿ ಇತ್ತು. ಅವುಗಳನ್ನೂ ಅಂದೇ ಹಾಕಿ, ಸಂಜೆ ಚಿಕ್ಕಪ್ಪನ ಜೊತೆಗೇ ನಾನೂ ಊರು ಬಿಡುವವನಿದ್ದೆ.

ಇನ್ನೊಂದು ತೊಡಕಿತ್ತು. ಅಕ್ಟೋಬರಿನಲ್ಲಿ ನಮ್ಮಲ್ಲಿ ಮಧ್ಯಾಹ್ನದವರೆಗೆ ಸುಡು ಬಿಸಿಲು. ಮೂರು ಗಂಟೆಯ ಸುಮಾರಿಗೆ ಗುಡ್ಡದ ತಲೆಯ ಮೇಲೆ ಮೋಡ ಕಟ್ಟುತ್ತದೆ. ಆಮೇಲೆ ಗುಡುಗು, ಸಿಡಿಲು. ಹಿಂದಿನ ವರ್ಷ ಸಿಡಿಲು ತಂತಿಯಲ್ಲಿ ಇಳಿದು ನಮ್ಮ ಹಳೆಯ ರೂಟರನ್ನು ಸುಟ್ಟಿತ್ತು. ಅಂದಿನಿಂದ ಅಜ್ಜಿಯ ಕಾನೂನು: ಮೂರು ಗಂಟೆಗೆ ಮನೆಯ ಎಲ್ಲ ಪ್ಲಗ್ಗುಗಳೂ ಹೊರಗೆ. ಆ ಕಾನೂನಿಗೆ ಯಾರಿಗೂ ರಿಯಾಯಿತಿ ಇಲ್ಲ.

ನಾನು ಪುಟ್ಟಿಯನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆ. ಚಿಕ್ಕಪ್ಪ ಇಳಿಸಿದ ಕ್ರಮದಲ್ಲಿ ಒಂದು ನಿಮಿಷದ ಸ್ವರಕ್ಕೆ ಸುಮಾರು 10 ಮೆಗಾಬೈಟ್ ಜಾಗ ಬೇಕು. 300 ಕ್ಯಾಸೆಟ್ಟು, 90 ನಿಮಿಷ. ಪುಟ್ಟಿ ಗುಣಿಸಿದಳು. 27,000 ನಿಮಿಷ. ಅಂದರೆ 2,70,000 ಮೆಗಾಬೈಟ್. ಸಾವಿರಕ್ಕೊಂದು ಗಿಗಾಬೈಟ್ ಎಂದರೆ 270 ಗಿಗಾಬೈಟ್. ನನ್ನ ವಿಡಿಯೋಗಳು 360. ಒಟ್ಟು 630.

ಇನ್ನು ತಂತಿಯ ವೇಗ. ನಮ್ಮ ರೂಟರಿನ ಪೋರ್ಟಿನ ಮೇಲೆ ಒಂದು ಗಿಗಾಬಿಟ್ ಎಂದು ಬರೆದಿದೆ. ಸೆಕೆಂಡಿಗೆ 1000 ಮೆಗಾಬಿಟ್. ಇಲ್ಲಿ ಅನೇಕರು ಎಡವುತ್ತಾರೆ. ಬಿಟ್ ಬೇರೆ, ಬೈಟ್ ಬೇರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 1000ವನ್ನು 8ರಿಂದ ಭಾಗಿಸಬೇಕು. 125 ಮೆಗಾಬೈಟ್ ಬಂತು. ಅದರಲ್ಲೂ ಸ್ವಲ್ಪ ಭಾಗ ವಿಳಾಸ, ಕ್ರಮಸಂಖ್ಯೆ ಮುಂತಾದವಕ್ಕೆ ಹೋಗುತ್ತದೆ. ನಮ್ಮ ಕೈಗೆ ಸಿಗುವುದು ಸೆಕೆಂಡಿಗೆ ಸುಮಾರು 110 ಮೆಗಾಬೈಟ್. ಆ ವೇಗದಲ್ಲಿ 630 ಗಿಗಾಬೈಟ್ ದಾಟಲು ಸುಮಾರು 95 ನಿಮಿಷ ಬೇಕು.

ಗಂಟೆ ಆಗ ಬೆಳಗಿನ ಹತ್ತು. ಮಕ್ಕಳೇ, ನೀವೇ ಹೇಳಿ, ಬುದ್ಧಿವಂತನಾದವನು ಏನು ಮಾಡುತ್ತಿದ್ದ? ಕೂಡಲೇ ಕೆಲಸ ಶುರುಮಾಡಿ ಹನ್ನೆರಡರ ಒಳಗೆ ಮುಗಿಸುತ್ತಿದ್ದ. ನಾನು ಹಾಗೆ ಮಾಡಲಿಲ್ಲ. ನನ್ನ ಸಂಗ್ರಹದ ಪೆಟ್ಟಿಗೆಗೆ ಎರಡು ಪೋರ್ಟುಗಳಿದ್ದವು. ರೂಟರಿನ ಪುಸ್ತಕದಲ್ಲೂ, ಅದರ ಒಂದು ಮತ್ತು ಎರಡನೆಯ ಪೋರ್ಟುಗಳನ್ನು ಜೋಡಿಸಿ ಒಂದೇ ಪೋರ್ಟಿನಂತೆ ಬಳಸಬಹುದು ಎಂದು ಬರೆದಿತ್ತು. ಆ ಸಾಲನ್ನು ಓದಿದ ದಿನದಿಂದ ನನ್ನ ಕೈ ತುರಿಸುತ್ತಿತ್ತು.

"ಎರಡು ತಂತಿ ಹಾಕಿದರೆ ಎರಡು ಪಟ್ಟು ವೇಗ, ಚಿಕ್ಕಪ್ಪ. ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ" ಎಂದೆ.

ನನ್ನ ಮನಸ್ಸಿನಲ್ಲಿದ್ದುದು ಸುರಂಗದ ನೀರು. ಹಿಂದೆ ನಮ್ಮ ತೊಟ್ಟಿಗೆ ಅಡಿಕೆ ಮರ ಸೀಳಿ ಮಾಡಿದ ಒಂದೇ ದಂಬೆಯಿಂದ ನೀರು ಬರುತ್ತಿತ್ತು. ಮಳೆಗಾಲದಲ್ಲಿ ನೀರು ಹೆಚ್ಚಾಗಿ ದಂಬೆಯಿಂದ ಹೊರಗೆ ಚೆಲ್ಲಿದರೆ ಅಜ್ಜ ಪಕ್ಕಕ್ಕೆ ಇನ್ನೊಂದು ದಂಬೆ ಇಡುತ್ತಿದ್ದರು. ತೊಟ್ಟಿ ಬೇಗ ತುಂಬುತ್ತಿತ್ತು. ತಂತಿಯೂ ಹಾಗೆಯೇ ಎಂದು ತಿಳಿದೆ.

ಪೆಟ್ಟಿಗೆಯಿಂದ ಇನ್ನೊಂದು ತಂತಿ ತೆಗೆದೆ. ಅದರ ತುದಿಯ ಪ್ಲಾಸ್ಟಿಕ್ ಕೊಕ್ಕೆ ಮುರಿದಿತ್ತು. ಪೋರ್ಟಿನೊಳಗೆ ತಂತಿ ಜಾರದ ಹಾಗೆ ಹಿಡಿಯುವುದು ಆ ಕೊಕ್ಕೆಯೇ. ಬೇರೆ ತಂತಿ ಇರಲಿಲ್ಲ. ಹಾಗೆಯೇ ಮೆಲ್ಲಗೆ ತೂರಿಸಿದೆ. ಪುಟ್ಟಿ ಮುರಿದ ಕೊಕ್ಕೆಯ ಆ ತುದಿಯನ್ನು ಬೆಳಕಿಗೆ ಹಿಡಿದು ನೋಡಿದ್ದಳು. "ಮಾವ, ಇದರ ಒಳಗೆ ಎಂಟು ಸಣ್ಣ ತಂತಿ ಉಂಟು!" ಹೌದು. ಕಿತ್ತಳೆ, ಹಸಿರು, ನೀಲಿ, ಕಂದು ಎಂದು ನಾಲ್ಕು ಜೋಡಿ. ಪ್ರತಿ ಜೋಡಿಯನ್ನೂ ಜಡೆಯಂತೆ ಹೊಸೆದಿರುತ್ತಾರೆ. ಹೊಸೆದರೆ ಹೊರಗಿನ ವಿದ್ಯುತ್ತಿನ ಗಲಾಟೆ ಒಳಗಿನ ಮಾತನ್ನು ಕೆಡಿಸುವುದು ಕಡಿಮೆ.

ತಂತಿ ತೂರಿಸಿದರೆ ಸಾಲದು. ಎರಡು ತಂತಿ ಸೇರಿ ಒಂದೇ ದಾರಿ ಎಂದು ಈಚೆಯ ಪೆಟ್ಟಿಗೆಗೂ ತಿಳಿಸಬೇಕು, ಆಚೆಯ ರೂಟರಿಗೂ ತಿಳಿಸಬೇಕು. ಇದಕ್ಕೆ 2000ನೇ ಇಸವಿಯಲ್ಲಿ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ ಒಂದು ನಿಯಮ ಮಾಡಿತು. ಅದಕ್ಕೆ ಮೊದಲು ಒಂದೊಂದು ಕಂಪೆನಿಯದು ಒಂದೊಂದು ರೀತಿ ಇತ್ತು. ಈ ನಿಯಮದಂತೆ ಎರಡು ಯಂತ್ರಗಳೂ ಪ್ರತಿ ತಂತಿಯಲ್ಲೂ ಆಗಾಗ ಪರಸ್ಪರ ಕೂಗಿ ವಿಚಾರಿಸುತ್ತಿರುತ್ತವೆ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ. "ನಾನಿದ್ದೇನೆ, ನೀನಿದ್ದೀಯಾ?" ಎಂದು ಕೇಳಿದ ಹಾಗೆ.

ಹೀಗೆ ತಿಳಿಸದೆ ಸುಮ್ಮನೆ ತಂತಿ ತೂರಿಸಿದರೆ ಏನಾಗುತ್ತದೆಂದು ನನಗೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ನಾನು ಕಲಿಯುತ್ತಿದ್ದ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಎಲ್ಲ ಕಂಪ್ಯೂಟರುಗಳನ್ನು ಸೇರಿಸುವ ಒಂದು ಪೆಟ್ಟಿಗೆ ಇತ್ತು. ಒಂದು ತಂತಿಯ ತುದಿ ಸುಮ್ಮನೆ ನೇತಾಡುತ್ತಿದ್ದುದನ್ನು ಕಂಡು, ಚಂದ ಕಾಣಲೆಂದು ಅದೇ ಪೆಟ್ಟಿಗೆಯ ಇನ್ನೊಂದು ತೂತಿಗೆ ಸಿಕ್ಕಿಸಿದೆ. ಎಲ್ಲ ದೀಪಗಳೂ ಹುಚ್ಚು ಹಿಡಿದಂತೆ ಒಟ್ಟಿಗೇ ಮಿಟುಕತೊಡಗಿದವು. ಕಂಪ್ಯೂಟರುಗಳ ಸಂಪರ್ಕವೆಲ್ಲ ನಿಂತುಹೋಯಿತು. ಹೊರಟ ಸಂದೇಶ ಅದೇ ಪೆಟ್ಟಿಗೆಗೆ ಮರಳಿ ಬಂದು, ಮತ್ತೆ ಹೊರಟು, ಮತ್ತೆ ಬಂದು, ಗಾಣದ ಎತ್ತಿನಂತೆ ಸುತ್ತುತ್ತಿತ್ತಂತೆ. ಮಾಸ್ತರರು ಅರ್ಧ ದಿನ ಹುಡುಕಿದರು. ಸಿಕ್ಕಿಸಿದವನು ನಾನೆಂದು ಹೇಳಲು ನನಗೆ ಧೈರ್ಯ ಬಂದದ್ದು ಮರುದಿನ.

ಆದ್ದರಿಂದ ಈ ಸಲ ಎರಡೂ ಕಡೆ ಸರಿಯಾಗಿ ಬರೆದು ತಿಳಿಸಿದೆ. ಎರಡು ದೀಪಗಳೂ ಹೊತ್ತಿದವು. ನನ್ನ ಲ್ಯಾಪ್‌ಟಾಪಿನಿಂದ ವಿಡಿಯೋಗಳನ್ನು ಕಳುಹಿಸಲು ಹಚ್ಚಿದೆ. ವೇಗದ ಅಂಕಿ ಏರಿತು. 60, 90, 108, 110.

ಅಲ್ಲಿಯೇ ನಿಂತಿತು.

ನಿಲ್ಲಿಸಿ ಮತ್ತೆ ಹಚ್ಚಿದೆ. 110. ರೂಟರನ್ನು ಆರಿಸಿ ಹೊತ್ತಿಸಿದೆ. 110. ಅಜ್ಜಿ ಹಲಸಿನ ಹಪ್ಪಳ ಒಣಗಿಸಲು ಅಂಗಳಕ್ಕೆ ಹೋಗುವವರು ನನ್ನ ಮುಖ ನೋಡಿ ನಿಂತರು.

"ಎಂತ ಆಯಿತು?"

"ಎರಡು ದಾರಿ ಮಾಡಿದ್ದೇನೆ ಅಜ್ಜಿ. ಆದರೂ ಒಂದು ದಾರಿಯಷ್ಟೇ ವೇಗ."

"ಹೋಗುವವರು ಎಷ್ಟು ಜನ?"

"ಒಬ್ಬನೇ. ನಾನೊಬ್ಬನೇ ಕಳುಹಿಸುತ್ತಿರುವುದು."

"ಈ ಚಾವಡಿಗೆ ಎರಡು ಬಾಗಿಲು ಉಂಟು. ಒಬ್ಬನೇ ಹೊರಗೆ ಹೋಗುವಾಗ ಎರಡರಲ್ಲೂ ಹೋಗುತ್ತಾನಾ?" ಎಂದು ಹೇಳಿ ಅಜ್ಜಿ ಹಪ್ಪಳದ ತಟ್ಟೆ ಹಿಡಿದು ಹೋದರು.

ನಾನು ಸುಮ್ಮನೆ ಕುಳಿತೆ. ಮೊದಲನೆಯದಾಗಿ ನನ್ನ ಲ್ಯಾಪ್‌ಟಾಪಿಗೇ ಇರುವುದು ಒಂದು ಪೋರ್ಟು. ಅದರಿಂದ ರೂಟರಿನವರೆಗೆ ಒಂದೇ ತಂತಿ. ಆಚೆ ಕಡೆ ಹತ್ತು ತಂತಿ ಹಾಕಿದರೂ ಈಚೆ ಒಂದು ತಂತಿಯಿಂದ ಹೊರಡುವುದು ಅಷ್ಟೇ. ಇದು ಮೊದಲೇ ಹೊಳೆಯಬೇಕಿತ್ತು.

ಲ್ಯಾಪ್‌ಟಾಪಿಗೂ ಎರಡು ಪೋರ್ಟು ಇದ್ದಿದ್ದರೆ? ಆಗಲೂ ಒಂದೇ ಕಡತಕ್ಕೆ ಎರಡು ಪಟ್ಟು ವೇಗ ಸಿಗುತ್ತಿರಲಿಲ್ಲ. ಕಾರಣ ಹೇಳುತ್ತೇನೆ. ದೊಡ್ಡ ಕಡತ ಇಡಿಯಾಗಿ ತಂತಿಯಲ್ಲಿ ಹೋಗುವುದಿಲ್ಲ. ಅದನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಮಾಡುತ್ತಾರೆ. ಒಂದು ಕಟ್ಟಿನಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್. ಅಜ್ಜನ ಸ್ವರವನ್ನು ಹಾಗೆ ಕಟ್ಟಿದರೆ 18 ಕೋಟಿಗೂ ಹೆಚ್ಚು ಕಟ್ಟುಗಳಾಗುತ್ತವೆ. ನೀರಿನ ಹನಿಗಳಿಗೆ ಹಿಂದು ಮುಂದು ಎಂಬುದಿಲ್ಲ. ಯಾವ ಹನಿ ಮೊದಲು ಬಿದ್ದರೂ ತೊಟ್ಟಿ ತುಂಬುತ್ತದೆ. ಈ ಕಟ್ಟುಗಳು ಹಾಗಲ್ಲ. ಪುಸ್ತಕದ ಹಾಳೆಗಳಂತೆ ಅವು ಕ್ರಮವಾಗಿ ಬರಬೇಕು. ಒಂದು ಹಾಳೆಯನ್ನು ಈ ದಾರಿಯಲ್ಲಿ, ಮುಂದಿನದನ್ನು ಆ ದಾರಿಯಲ್ಲಿ ಕಳುಹಿಸಿದರೆ ಐದನೆಯದಕ್ಕಿಂತ ಮೊದಲು ಆರನೆಯದು ಬಂದೀತು. ಪಡೆಯುವ ಯಂತ್ರ, "ಐದನೆಯದು ದಾರಿಯಲ್ಲಿ ಬಿದ್ದುಹೋಯಿತು, ಮತ್ತೆ ಕಳುಹಿಸು" ಎನ್ನುತ್ತದೆ. ಕಳುಹಿಸುವ ಯಂತ್ರವೂ ದಾರಿ ಸರಿಯಿಲ್ಲವೆಂದು ತಿಳಿದು ನಿಧಾನ ಮಾಡುತ್ತದೆ. ಹೀಗಾಗಬಾರದೆಂದೇ ಆ ನಿಯಮದಲ್ಲಿ, ಒಂದು ಮಾತುಕತೆಯ ಕಟ್ಟುಗಳೆಲ್ಲ ಒಂದೇ ತಂತಿಯಲ್ಲಿ ಹೋಗಲಿ ಎಂದು ಇಟ್ಟಿದ್ದಾರೆ.

"ಹಾಗಾದರೆ ಇಬ್ಬರೂ ಒಟ್ಟಿಗೆ ಹಚ್ಚುವ" ಎಂದರು ಚಿಕ್ಕಪ್ಪ. "ನೀನು ಒಂದು ಬಾಗಿಲಲ್ಲಿ ಹೋಗು, ನಾನೊಂದರಲ್ಲಿ."

ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಇನ್‌ವರ್ಟರು ದೀಪ, ಫ್ಯಾನಿಗೆ ಮಾತ್ರ. ಒಂದು ಗಂಟೆ ಮಜ್ಜಿಗೆ ನೀರು ಕುಡಿಯುತ್ತಾ ಕುಳಿತೆವು. ಪಕ್ಕದ ಮನೆಯ ಅಣ್ಣ ಬಂದವರು ನನ್ನ ಎರಡು ತಂತಿಗಳನ್ನು ನೋಡಿ, "ಇದನ್ನು ನನ್ನ ಮನೆಯಲ್ಲೂ ಮಾಡಿಕೊಡು. ನಮ್ಮ ನೆಟ್ಟು ಭಾರೀ ನಿಧಾನ" ಎಂದರು. ಇದರಿಂದ ಇಂಟರ್ನೆಟ್ಟಿನ ವೇಗ ಒಂದಿಷ್ಟೂ ಹೆಚ್ಚಾಗದು ಎಂದು ಹೇಳಬೇಕಾಯಿತು. ಹೊರಗಿನಿಂದ ಬರುವ ಲೈನು ಇದ್ದಷ್ಟೇ ಇರುತ್ತದೆ. ಇದು ಮನೆಯೊಳಗಿನ ಓಡಾಟಕ್ಕೆ ಮಾತ್ರ. "ಹಾಗಾದರೆ ಇದರಿಂದ ಉಪಯೋಗ ಎಂತ?" ಎಂದು ಕೇಳಿದರು. ಆ ಹೊತ್ತಿನಲ್ಲಿ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹನ್ನೆರಡೂಕಾಲಿಗೆ ಕರೆಂಟು ಬಂತು. ಇಬ್ಬರೂ ಒಟ್ಟಿಗೆ ಹಚ್ಚಿದೆವು. ನನ್ನ ಅಂಕಿ 55. ಚಿಕ್ಕಪ್ಪನ ಅಂಕಿಯೂ 55. ಅಂದರೆ ಒಂದೇ ತಂತಿಯನ್ನು ಇಬ್ಬರೂ ಹಂಚಿಕೊಂಡಂತೆ! ಅಜ್ಜಿಯ ಬಾಗಿಲಿನ ಲೆಕ್ಕವೂ ತಪ್ಪಿತೇ? ನಾನು ಪರದೆಯಲ್ಲಿ ಏನೇನೋ ಒತ್ತಿ ಹುಡುಕತೊಡಗಿದೆ. ಚಿಕ್ಕಪ್ಪನ ಡಿಸ್ಕು "ಟಕ್, ಟಕ್" ಎನ್ನುತ್ತಲೇ ಇತ್ತು.

ಪುಟ್ಟಿ ಮಾತ್ರ ಪರದೆಯ ಕಡೆಗೆ ನೋಡುತ್ತಿರಲಿಲ್ಲ. ನೆಲದ ಮೇಲೆ ಕೆನ್ನೆಯೂರಿ ಮಲಗಿ ರೂಟರಿನ ಬೆನ್ನನ್ನು ನೋಡುತ್ತಿದ್ದಳು. ಬಾಡಿದ ಚೆಂಡುಹೂವನ್ನು ಪಕ್ಕಕ್ಕೆ ಸರಿಸಿದಳು.

"ಮಾವ, ಒಂದು ದೀಪ ಓಡುತ್ತಾ ಉಂಟು. ಇನ್ನೊಂದು ನಿದ್ದೆ ಮಾಡುತ್ತಾ ಉಂಟು. ಎಲ್ಲೋ ಒಮ್ಮೆ ಕಣ್ಣು ಬಿಡುತ್ತದೆ."

ನಾನೂ ಬಗ್ಗಿ ನೋಡಿದೆ. ಹೌದು. ಮೊದಲನೆಯ ಪೋರ್ಟಿನ ದೀಪ ಉಸಿರು ಬಿಡದೆ ಮಿಟುಕುತ್ತಿದೆ. ಎರಡನೆಯದು ಸುಮ್ಮನಿದೆ. ಆಗೊಮ್ಮೆ ಈಗೊಮ್ಮೆ ಒಂದು ಮಿಟುಕು. ಅದು "ನಾನಿದ್ದೇನೆ, ನೀನಿದ್ದೀಯಾ" ಎನ್ನುವ ಕೂಗು ಮಾತ್ರ. ನಾವಿಬ್ಬರೂ ಒಂದೇ ಬಾಗಿಲಲ್ಲಿ ನುಗ್ಗುತ್ತಿದ್ದೆವು! ಇನ್ನೊಂದು ಬಾಗಿಲು ತೆರೆದಿದ್ದೂ ಖಾಲಿಯಾಗಿತ್ತು.

ಯಾರು ಯಾವ ತಂತಿಯಲ್ಲಿ ಹೋಗಬೇಕೆಂದು ರೂಟರು ಹೇಗೆ ತೀರ್ಮಾನಿಸುತ್ತದೆ? ಯಾವ ತಂತಿ ಖಾಲಿ ಇದೆ ಎಂದು ನೋಡಿ ಅಲ್ಲ. ಅದು ಒಂದು ಲೆಕ್ಕ ಹಾಕುತ್ತದೆ. ತಂತಿ ಸೇರುವ ಪ್ರತಿಯೊಂದು ಪೋರ್ಟಿಗೂ, ಅಂದರೆ ಅದರ ಹಿಂದಿನ ಯಂತ್ರಭಾಗಕ್ಕೆ, ಕಾರ್ಖಾನೆಯಲ್ಲೇ ಕೊಟ್ಟ ಹನ್ನೆರಡು ಅಕ್ಷರಗಳ ಒಂದು ವಿಳಾಸ ಇರುತ್ತದೆ. ಮ್ಯಾಕ್ ವಿಳಾಸ ಎನ್ನುತ್ತಾರೆ. ಅದರಲ್ಲಿ 0ಯಿಂದ 9ರವರೆಗಿನ ಅಂಕಿಗಳೂ, ಎಯಿಂದ ಎಫ್‌ವರೆಗಿನ ಅಕ್ಷರಗಳೂ ಬರುತ್ತವೆ. ಎ ಎಂದರೆ 10, ಬಿ ಎಂದರೆ 11, ಹೀಗೆ ಎಫ್ ಎಂದರೆ 15. ಬೇರೆ ಬೇರೆ ಯಂತ್ರಗಳಲ್ಲಿ ಲೆಕ್ಕದ ಕ್ರಮ ಬೇರೆ ಬೇರೆ. ನಮ್ಮ ರೂಟರಿನದು ಅತ್ಯಂತ ಸರಳ. ಎರಡೇ ತಂತಿ ಇರುವಾಗ, ವಿಳಾಸದ ಕೊನೆಯ ಅಂಕಿ ಸಮವಾದರೆ ಒಂದು ತಂತಿ, ಬೆಸವಾದರೆ ಇನ್ನೊಂದು ಎಂದು ಹೇಳಿದರೆ ಸಾಕು.

"ನನ್ನದು 4" ಎಂದೆ.

ಚಿಕ್ಕಪ್ಪ ಕನ್ನಡಕ ಏರಿಸಿ ನೋಡಿದರು. "ನನ್ನದು ಎ."

"ಎ ಎಂದರೆ 10!" ಎಂದು ಪುಟ್ಟಿ ಕೂಗಿದಳು. "ಎರಡೂ ಸಮ!"

ಐದನೆಯ ತರಗತಿಯ ಸಮ ಬೆಸದ ಪಾಠ ನನ್ನ ಇಡೀ ಬೆಳಗನ್ನು ತಿಂದುಹಾಕಿತ್ತು. ಅದೃಷ್ಟಕ್ಕೆ ನನ್ನ ಚೀಲದಲ್ಲಿ ಒಂದು ಸಣ್ಣ ಅಡಾಪ್ಟರು ಇತ್ತು. ಯುಎಸ್‌ಬಿ ತೂತಿಗೆ ಸಿಕ್ಕಿಸಿದರೆ ಲ್ಯಾಪ್‌ಟಾಪಿಗೆ ಬೇರೊಂದು ಪೋರ್ಟು ಬಂದಂತೆ. ಅದಕ್ಕೆ ಅದರದೇ ವಿಳಾಸ. ಕೊನೆಯ ಅಂಕಿ 7. ಪುಟ್ಟಿ ಚಪ್ಪಾಳೆ ತಟ್ಟಿದಳು.

ಅಷ್ಟು ಹೊತ್ತಿಗೆ ಅಮ್ಮ ಮೂರನೆಯ ಸಲ ಊಟಕ್ಕೆ ಕರೆದಿದ್ದರು. ಉಂಡು ಬರದೆ ಯಾವ ತಂತಿಯನ್ನೂ ಮುಟ್ಟಕೂಡದು ಎಂದು ಅಜ್ಜಿ ಹೇಳಿದರು. ಬಡಿಸುತ್ತಾ, "ಬೆಳಗಿನಿಂದ ನಿಲ್ಲಿಸಿ ನಿಲ್ಲಿಸಿ ನೋಡಿದ ಹೊತ್ತಿನಲ್ಲಿ ಅದು ಒಂದು ತಂತಿಯಲ್ಲೇ ಹೋಗಿ ಮುಗಿಯುತ್ತಿತ್ತಲ್ಲವಾ?" ಎಂದೂ ಕೇಳಿದರು. ನಾನು ಸಾರು ಕಲಸುವುದರಲ್ಲಿ ತಲೆ ತಗ್ಗಿಸಿದೆ. ಅದು ನಿಜವಾಗಿತ್ತು.

ಕೆಲಸ ಶುರುವಾದಾಗ ಗಂಟೆ ಒಂದು ಐವತ್ತು. ಒಂದೇ ತಂತಿಯಾದರೆ ಮುಗಿಯುವುದು ಮೂರೂ ಇಪ್ಪತ್ತೈದಕ್ಕೆ. ಮೋಡ ಆಗಲೇ ಗುಡ್ಡದ ಹಿಂದೆ ಕಪ್ಪಾಗುತ್ತಿತ್ತು. ನಾನು ಹಚ್ಚಿದೆ. 110. ಚಿಕ್ಕಪ್ಪ ಹಚ್ಚಿದರು. 90. ಅವರ ಹಳೆಯ ಡಿಸ್ಕು ಓದಿ ಕೊಡಬಲ್ಲದ್ದೇ ಅಷ್ಟು. ಅದನ್ನು ತಂತಿಯ ತಪ್ಪು ಎನ್ನುವಂತಿರಲಿಲ್ಲ. ಅವರ ವೇಗ ಏರಿದಾಗ ನನ್ನ ಅಂಕಿ ಇಳಿಯಲಿಲ್ಲ. ಇಬ್ಬರ ವೇಗವೂ ತಮ್ಮ ತಮ್ಮ ಪಾಡಿಗೆ ನಿಂತಿತು. 270 ಗಿಗಾಬೈಟಿಗೆ 50 ನಿಮಿಷ, 360ಕ್ಕೆ 55 ನಿಮಿಷ.

"ಎರಡನೆಯ ದೀಪಕ್ಕೆ ಎಚ್ಚರವಾಯಿತು!" ಎಂದಳು ಪುಟ್ಟಿ, ನೆಲದಿಂದಲೇ.

ಪಕ್ಕದ ಮನೆಯ ಅಣ್ಣನ ಪ್ರಶ್ನೆಗೆ ಉತ್ತರ ಆಗ ಕಣ್ಣ ಮುಂದೆ ಇತ್ತು. ಒಬ್ಬನ ಓಟ ಇದರಿಂದ ಹೆಚ್ಚಾಗುವುದಿಲ್ಲ. ಇಬ್ಬರು ಓಡುವಾಗ ಒಬ್ಬರಿಗೊಬ್ಬರು ಅಡ್ಡಿಯಾಗುವುದಿಲ್ಲ, ಅಷ್ಟೆ. ನಾನೊಬ್ಬನೇ ಇರುವ ಮನೆಯಾದರೆ ಆ ಎರಡನೆಯ ತಂತಿ ದಂಡವೆಂದೇ ಹೇಳುವೆ.

ಎರಡೂಕಾಲರ ಹೊತ್ತಿಗೆ ಮೊದಲ ಗುಡುಗು ದೂರದಲ್ಲಿ ಉರುಳಿತು. ಆ ಶಬ್ದಕ್ಕೆ ಬೆದರಿದ ನಮ್ಮ ಬೆಕ್ಕು ಕಿಟಕಿಯಿಂದ ನೇರ ರೂಟರಿನ ಮೇಲೆ ಹಾರಿತು. ಮುರಿದ ಕೊಕ್ಕೆಯ ತಂತಿ ಜಾರಿ ಕೆಳಗೆ ಬಿತ್ತು. ಚಿಕ್ಕಪ್ಪ "ಅಯ್ಯೋ" ಎಂದು ಎದ್ದು ನಿಂತರು. ಅರ್ಧ ದಾಟಿದ ಕೆಲಸ ಕಡಿದುಹೋದರೆ ಆ ಡಿಸ್ಕು ಮತ್ತೊಮ್ಮೆ ಮೊದಲಿನಿಂದ ಓದೀತೇ?

ಒಂದು ಕ್ಷಣ ಎರಡೂ ಅಂಕಿಗಳು ನಿಂತವು. ಆಮೇಲೆ ಮೆಲ್ಲಗೆ ಎದ್ದವು. ನನ್ನದು 55ರ ಹತ್ತಿರ, ಅವರದೂ ಹಾಗೆಯೇ. ಕೆಲಸ ಕಡಿಯಲಿಲ್ಲ. ಒಂದು ತಂತಿ ಹೋಯಿತೆಂದು ತಿಳಿದ ಕೂಡಲೇ ಎರಡು ಯಂತ್ರಗಳೂ ಎಲ್ಲವನ್ನೂ ಉಳಿದ ತಂತಿಗೆ ತಿರುಗಿಸಿದ್ದವು. ವೇಗಕ್ಕೆಂದು ನಾನು ಹಾಕಿದ ಎರಡನೆಯ ತಂತಿಗೆ ಇಂಥ ಗುಣವೂ ಇದೆ ಎಂದು ಓದಿದ್ದೆ. ಓದಿದ್ದನ್ನು ನೋಡಿದ್ದು ಆಗ.

ಪುಟ್ಟಿ ತಂತಿಯನ್ನು ಮತ್ತೆ ತೂರಿಸಿ, ತನ್ನ ತೋರುಬೆರಳಿನಿಂದ ಒತ್ತಿ ಹಿಡಿದಳು. ಕೆಲವು ಸೆಕೆಂಡಿನಲ್ಲಿ ದೀಪ ಹೊತ್ತಿತು. ಅಂಕಿಗಳು ಮತ್ತೆ 110, 90. "ನಾನು ಬಿಡುವುದಿಲ್ಲ" ಎಂದಳು. ಬಿಡಲೂ ಇಲ್ಲ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಅವಳು ಆ ತಂತಿಯ ಕೊಕ್ಕೆಯಾಗಿ ಕುಳಿತಳು. ಅಜ್ಜಿ ಅವಳ ಬಾಯಿಗೆ ಹಪ್ಪಳದ ಚೂರು ಹಾಕುತ್ತಿದ್ದರು.

ಎರಡೂ ಮುಕ್ಕಾಲಕ್ಕೆ ಚಿಕ್ಕಪ್ಪನದು ಮುಗಿಯಿತು. ಎರಡೂ ಐವತ್ತಕ್ಕೆ ನನ್ನದು. ಪ್ಲಗ್ಗುಗಳನ್ನೆಲ್ಲ ಕಿತ್ತು ಕೈ ಒರೆಸಿಕೊಳ್ಳುವಾಗ ಅಂಗಳದಲ್ಲಿ ಮಿಂಚು ಬೆಳ್ಳಗೆ ಬಿತ್ತು. ಹಪ್ಪಳದ ತಟ್ಟೆಗಳನ್ನು ಎಲ್ಲರೂ ಓಡಿ ಒಳಗೆ ತಂದೆವು.

ಮಳೆ ಜಡಿಯಿತು. ಚಿಕ್ಕಪ್ಪನ ಹೊರಡುವ ಹೊತ್ತಿಗೆ ಇನ್ನೂ ಎರಡು ಗಂಟೆ ಇತ್ತು. ಬರುವ ದಿನವೇ ಅವರು ಬೆಂಗಳೂರಿನಿಂದ ನನ್ನ ಮೊಬೈಲಿಗೆ ಒಂದು 'ಕರ್ಣಭೇದನ'ವನ್ನು ಕಳುಹಿಸಿದ್ದರು. ಅದನ್ನು ಅಜ್ಜಿಯ ಮುಂದಿಟ್ಟು ಹಾಕಿದೆ. ಮೊದಲು ಮದ್ದಳೆ. ಆಮೇಲೆ ಯಾರೋ ಕೆಮ್ಮಿದ್ದು. ಆಮೇಲೆ ಅಜ್ಜ, ಕರ್ಣನಾಗಿ, ಕೃಷ್ಣನಿಗೆ ಉತ್ತರ ಹೇಳತೊಡಗಿದರು. ಅವರ ಹಿಂದೆ ಯಾವುದೋ ಮಳೆ ಹಂಚಿನ ಮೇಲೆ ಬೀಳುತ್ತಿತ್ತು. ಅದು ಆ ವರ್ಷದ ಮಳೆಯೋ, ಹೊರಗೆ ಬೀಳುತ್ತಿರುವ ಮಳೆಯೋ ಎಂದು ಪುಟ್ಟಿ ಎರಡು ಸಲ ಬಾಗಿಲಿಗೆ ಹೋಗಿ ನೋಡಿದಳು.

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಅವರಿಗೆ ಆ ದಿನ ಶೀತ ಆಗಿತ್ತು. ಹೋಗಬೇಡಿ ಎಂದಿದ್ದೆ" ಎಂದರು.

ಹದಿನೈದು ದಿನ ಕಳೆದು ಚಿಕ್ಕಪ್ಪನ ಫೋನು ಬಂತು. ಹಳೆಯ ಲ್ಯಾಪ್‌ಟಾಪು ಆ ಬೆಳಿಗ್ಗೆ ಹೊತ್ತಲೇ ಇಲ್ಲವಂತೆ. ಟಕ್ ಟಕ್ ಶಬ್ದವೂ ನಿಂತಿದೆಯಂತೆ. ಅವರ ದನಿಯಲ್ಲಿ ಗಾಬರಿ ಇರಲಿಲ್ಲ.

"ಅಲ್ಲಿ ಎರಡನೆಯ ದೀಪ ಎಚ್ಚರ ಉಂಟಾ?" ಎಂದು ಕೇಳಿದರು.

ಆ ದಿನ ನಾನು ಮನೆಗೆ ಬಂದಿದ್ದೆ. ತಂತಿಗೆ ಹೊಸ ಕೊಕ್ಕೆ ಹಾಕಿಸಿದ್ದೆ. ಬಗ್ಗಿ ನೋಡಿದೆ. ಉಪ್ಪರಿಗೆಯಲ್ಲಿ ಅಕ್ಕ ತನ್ನ ಕಂಪ್ಯೂಟರಿನಿಂದ ಪುಟ್ಟಿಯ ಶಾಲೆಯ ಪಟಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದಳು. ಒಳಗಿನ ಕೋಣೆಯಲ್ಲಿ ಅಜ್ಜಿ 'ವಾಲಿಮೋಕ್ಷ' ಹಾಕಿಸಿಕೊಂಡು ಕುಳಿತಿದ್ದರು. ಎರಡು ದೀಪಗಳೂ ಮಿಟುಕುತ್ತಿದ್ದವು.

"ಉಂಟು ಚಿಕ್ಕಪ್ಪ" ಎಂದೆ.